ತಿಂಡಿಗಾಡಿಯ ಒಲೆ ಮತ್ತು ಅದರ ಮರಿಯುರಿ

ಮಾನವನ ನಾಗರಿಕತೆಯು ಒಲೆಯ ಸುತ್ತಲೇ ಬೆಳೆದುಬಂದಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಆದರೂ ಒಲೆಯ ವಿಚಾರವನ್ನು ಬರೆಯಹೊರಟವನು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡಗಳನ್ನು ಓದುತ್ತಿರುವ ಬಿ.ಎ. ಅಂತಿಮ ತರಗತಿಯ ವಿದ್ಯಾರ್ಥಿಯೆಂದು ತಿಳಿದಾಗ ವಾಚಕರ ಮುಖದಲ್ಲಿ ನಗೆ ಮೂಡಿದರೆ ಆಶ್ಚರ್ಯವಿಲ್ಲ. ವಿಜ್ಞಾನದಲ್ಲಿ ನನಗೆ ಪಾಂಡಿತ್ಯವಿಲ್ಲ. ಆದರೆ ಕಳೆದ ಮೂರು ವರ್ಷಗಳಿಂದ ಪ್ರತಿದಿನವೂ ಕಾಲೇಜಿಗೆ ಬರುವ ಮುನ್ನ ನಾನು ಮಾಡುವ ಮೊದಲ ಕೆಲಸ ಒಲೆ ಹೊತ್ತಿಸುವುದು. ಆ ಕೆಲಸವನ್ನು ತಪ್ಪಾಗಿ ಮಾಡಿದುದರ ಫಲವನ್ನು ಕಣ್ಣಾರೆ ಕಂಡಮೇಲೆ, ಅದನ್ನು ಸರಿಯಾಗಿ ಮಾಡುವ ಬಗೆಯನ್ನು ಸಹಪಾಠಿಗಳಿಗೆ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ನನ್ನ ತಂದೆತಾಯಿಗಳು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯವರು. ಇಬ್ಬರೂ ಹೆಬ್ಬೆಟ್ಟಿನವರು. ಓದುವ ಸಲುವಾಗಿ ನಾನು ಬೆಂಗಳೂರಿಗೆ ಬಂದು ಸೋದರಮಾವನ ಮನೆಯಲ್ಲಿದ್ದೇನೆ. ಮಾವ ಮತ್ತು ಅತ್ತೆ ಮೆಜೆಸ್ಟಿಕ್ಕಿನಲ್ಲಿ ಹಳೆಯ ಟೆಂಪೋ ಒಂದರಲ್ಲಿ ಇಡ್ಲಿ ದೋಸೆ ಮಾರಿ ಜೀವನ ಸಾಗಿಸುತ್ತಾರೆ. ಮೆಜೆಸ್ಟಿಕ್ ಎಂಬುದು ಒಂದು ಚಿತ್ರಮಂದಿರದ ಹೆಸರು. ಆ ಮಂದಿರ ಇಂದಿಲ್ಲ, ಹೆಸರು ಮಾತ್ರ ಇಡೀ ಪ್ರದೇಶಕ್ಕೆ ಉಳಿದುಕೊಂಡಿದೆ. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿದ್ದ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಬೆಳಗಿನ ಜಾವ ನಾಲ್ಕು ಗಂಟೆಗೇ ದೂರದ ಊರುಗಳ ಬಸ್ಸುಗಳು ಬಂದು ನಿಲ್ಲುತ್ತವೆ. ಗಂಟುಮೂಟೆ ಹೊತ್ತು ಇಳಿದ ಜನಕ್ಕೆ ಮೊದಲು ಬೇಕಾದದ್ದು ಬಿಸಿಬಿಸಿಯಾದ ಏನಾದರೊಂದು. ಆ ಹೊತ್ತಿಗೆ ನಮ್ಮ ಕಾವಲಿ ಕಾದಿರಬೇಕು.

ಕಾವಲಿಯ ಕೆಳಗಿರುವ ಒಲೆ ಹೊಸದಲ್ಲ. ಹಿಂದೆ ಯಾವುದೋ ಬೇಕರಿಯಲ್ಲಿದ್ದು, ಗುಜರಿಗೆ ಬಿದ್ದು, ಅಲ್ಲಿಂದ ಮಾವನ ಕೈ ಸೇರಿದುದು. ಅದರಲ್ಲಿ ದೊಡ್ಡ ಬರ್ನರಿನ ಪಕ್ಕದಲ್ಲಿ, ಕಡ್ಡಿಯ ತುದಿಯಷ್ಟು ಚಿಕ್ಕದಾದ ಇನ್ನೊಂದು ಬಾಯಿಯುಂಟು. ಮೊದಲು ಅದನ್ನು ಹೊತ್ತಿಸಬೇಕು; ದೊಡ್ಡ ಬರ್ನರು ಅದರಿಂದ ತಾನೇ ಹತ್ತಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ಪೈಲಟ್ ಎನ್ನುತ್ತಾರೆ. ನಮ್ಮ ಅತ್ತೆ ಅದಕ್ಕೆ ಮರಿಯುರಿ ಎಂದು ಹೆಸರಿಟ್ಟಿದ್ದಾರೆ. ನನಗೆ ಅತ್ತೆಯ ಹೆಸರೇ ಹೆಚ್ಚು ಒಪ್ಪಿಗೆಯಾದ್ದರಿಂದ ಇಲ್ಲಿ ಅದನ್ನೇ ಬಳಸುತ್ತೇನೆ.

ಇದೇನೂ ನಮಗೆ ತೀರ ಹೊಸದಾದ ಕಲ್ಪನೆಯಲ್ಲ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಅಡಿಗೆ ಮುಗಿದ ಬಳಿಕ ಒಲೆಯಲ್ಲಿ ನಾಲ್ಕು ಕೆಂಡಗಳನ್ನು ಬೂದಿಯಿಂದ ಮುಚ್ಚಿಡುತ್ತಿದ್ದರು. ಬೆಳಗ್ಗೆ ಬೂದಿ ಕೆದಕಿ, ತೆಂಗಿನ ನಾರಿಟ್ಟು ಊದಿದರೆ ಒಲೆ ಹತ್ತುತ್ತಿತ್ತು. ಕೆಂಡ ಆರಿಹೋದ ಮನೆಯವರು ನೆರೆಮನೆಗೆ ಬೆಂಕಿ ತರಲು ಹೋಗುತ್ತಿದ್ದುದನ್ನು ನನ್ನ ಅಜ್ಜಿ ಹೇಳುತ್ತಿದ್ದರು. ದೊಡ್ಡ ಬೆಂಕಿಗಾಗಿ ಸಣ್ಣ ಬೆಂಕಿಯೊಂದನ್ನು ಕಾಪಾಡಿಕೊಳ್ಳುವುದೇ ಎರಡರ ತತ್ತ್ವವೂ. ಆದರೆ ಕೆಂಡಕ್ಕೂ ಮರಿಯುರಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಕೆಂಡ ಆರಿದರೆ ಬರಿಯ ಬೂದಿ ಉಳಿಯುತ್ತದೆ; ಮರಿಯುರಿ ಆರಿದರೆ ಅನಿಲ ಹರಿಯುತ್ತಲೇ ಇರುತ್ತದೆ. ಈ ಒಂದು ವ್ಯತ್ಯಾಸದಿಂದಲೇ ಮುಂದಿನ ಎಚ್ಚರಿಕೆಗಳೆಲ್ಲ ಹುಟ್ಟಿವೆ.

ಈಗ ಅನಿಲದ ಸ್ವಭಾವವನ್ನು ನೋಡೋಣ. ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡಕ್ಕೆ ಸಿಕ್ಕಿ ಅವು ದ್ರವವಾಗಿರುತ್ತವೆ. ಹೋಟೆಲುಗಳಿಗೆ ಕೊಡುವ ಸಿಲಿಂಡರಿನಲ್ಲಿ 19 ಕಿಲೋಗ್ರಾಂ, ಮನೆಗಳಿಗೆ ಕೊಡುವುದರಲ್ಲಿ 14.2 ಕಿಲೋಗ್ರಾಂ ದ್ರವವಿರುತ್ತದೆ. ಹೊರಗೆ ಬಂದೊಡನೆ ಈ ದ್ರವ ಆವಿಯಾಗಿ ಸುಮಾರು 250 ಪಟ್ಟು ಹಿಗ್ಗುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಆದಕಾರಣ ಸೋರಿದ ಅನಿಲ ಹೊಗೆಯಂತೆ ಮೇಲೇರದೆ, ನೀರಿನಂತೆ ಕೆಳಗಿಳಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಗಾಳಿಯ ನೂರು ಪಾಲಿನಲ್ಲಿ ಈ ಅನಿಲ ಸುಮಾರು ಎರಡು ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿದುದು ಜನಕ್ಕೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ಪದಾರ್ಥವನ್ನು ಅದಕ್ಕೆ ಸೇರಿಸುತ್ತಾರೆ. ಆದರೆ ನಿಂತವನ ಮೂಗು ಐದು ಅಡಿ ಎತ್ತರದಲ್ಲಿದ್ದು, ಅನಿಲ ಪಾದದ ಬಳಿಯಿದ್ದರೆ ಪ್ರಯೋಜನವೇನು?

ಮರಿಯುರಿ ತಾನಾಗಿ ಆರಿಹೋದರೆ ಅನಿಲವನ್ನು ತಡೆಯುವವರಾರು? ಇದಕ್ಕಾಗಿಯೇ ಇಂತಹ ಒಲೆಗಳಲ್ಲಿ ಒಂದು ಕಾವಲಿನ ಏರ್ಪಾಟಿರುತ್ತದೆ. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿಯು, ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಎರಡು ಕೊನೆಗಳಲ್ಲೂ ಬೆಸೆದು, ಒಂದು ಬೆಸುಗೆಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟರೆ ಹತ್ತಿರದ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡನು. ಶಾಖದ ವ್ಯತ್ಯಾಸದಿಂದ ತಂತಿಯಲ್ಲಿ ವಿದ್ಯುತ್ತು ಹರಿಯುವುದೇ ಇದರ ಕಾರಣ. ಇಂತಹ ಜೋಡಿಯನ್ನು ಉಷ್ಣಯುಗ್ಮವೆನ್ನಬಹುದು. ಮರಿಯುರಿಯ ನಾಲಗೆ ಸದಾ ನೆಕ್ಕುತ್ತಿರುವಂತೆ ಒಂದು ತಾಮ್ರದ ಕಡ್ಡಿಯನ್ನು ನಿಲ್ಲಿಸಿರುತ್ತಾರೆ. ಅದರ ತುದಿಯಲ್ಲಿರುವುದೇ ಉಷ್ಣಯುಗ್ಮ. ಅಲ್ಲಿ ಹುಟ್ಟುವ ವಿದ್ಯುತ್ತು ಬಹಳ ಅಲ್ಪ. ಸುಮಾರು 20ರಿಂದ 30 ಮಿಲಿವೋಲ್ಟು, ಎಂದರೆ ಟಾರ್ಚಿನ ಒಂದು ಸೆಲ್ಲಿನ ಸುಮಾರು ಐವತ್ತರಲ್ಲಿ ಒಂದು ಪಾಲು. ಈ ಅಲ್ಪಶಕ್ತಿ ಒಂದು ಪುಟ್ಟ ವಿದ್ಯುತ್ಕಾಂತಕ್ಕೆ ಹೋಗಿ, ಆ ಕಾಂತವು ಅನಿಲದ ಕವಾಟವನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿದರೆ ಕಡ್ಡಿ ತಣ್ಣಗಾಗಿ, ಕಾಂತದ ಹಿಡಿತ ಸಡಿಲಿ, ಒಳಗಿನ ಸ್ಪ್ರಿಂಗು ಕವಾಟವನ್ನು ಮುಚ್ಚಿಬಿಡುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅಷ್ಟು ಕಡಮೆ ವಿದ್ಯುತ್ತಿಗೆ ಕವಾಟವನ್ನು ಎಳೆದು ತೆರೆಯುವ ಬಲವಿಲ್ಲ. ತೆರೆದುಕೊಟ್ಟರೆ ಹಿಡಿದಿಟ್ಟುಕೊಳ್ಳುವ ಬಲ ಮಾತ್ರವುಂಟು. ಆದ್ದರಿಂದ ಕಡ್ಡಿ ಕಾಯುವವರೆಗೆ, ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ, ಮನುಷ್ಯನೇ ಗುಂಡಿಯನ್ನು ಒತ್ತಿ ಹಿಡಿದು ನಿಲ್ಲಬೇಕು. ಒತ್ತಿ ಹಿಡಿಯುವುದು ಏಕೆಂದು ತಿಳಿಯದವನಿಗೆ ಇದು ಬೇಸರದ ಕೆಲಸವಾಗಿ ಕಾಣುತ್ತದೆ.

ನಮ್ಮ ಗಾಡಿಯಲ್ಲಿಯೂ ಹಾಗೆಯೇ ಆಯಿತು. ಕಡ್ಡಿಯ ತುದಿಗೆ ವರ್ಷಗಟ್ಟಲೆ ಮಸಿ ಮೆತ್ತಿಕೊಂಡು, ಗುಂಡಿಯಿಂದ ಕೈ ತೆಗೆದೊಡನೆ ಮರಿಯುರಿ ಆರುತ್ತಿತ್ತು. ಗಿರಾಕಿಗಳು ಕಾದಿರುವಾಗ ಯಾರಿಗೆ ತಾಳ್ಮೆ? ಯಾರೋ ಹೇಳಿಕೊಟ್ಟ ಉಪಾಯದಂತೆ ಮಾವ ಗುಂಡಿಯನ್ನು ಒತ್ತಿ, ಒಂದು ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿಬಿಟ್ಟರು. ಅಂದಿನಿಂದ ಒಲೆ ಬಲು ಸಲೀಸಾಯಿತು. ಕಾವಲುಗಾರನ ಕೈಕಾಲು ಕಟ್ಟಿಹಾಕಿದ್ದೇವೆಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನು ಕೂಡ ಎರಡು ವರ್ಷ ಆ ತಂತಿಯನ್ನು ದಿನಾಲೂ ನೋಡಿದೆ. ಅದೇಕೆಂದು ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷದ ಆಷಾಢದ ಒಂದು ಬೆಳಗ್ಗೆ ಗಾಳಿ ಬಹಳ ಜೋರಾಗಿತ್ತು. ಗಾಳಿ ಹೊಗದಿರಲೆಂದು ಒಲೆಯ ಕೆಳಭಾಗಕ್ಕೆ ಸುತ್ತಲೂ ತಗಡು ನಿಲ್ಲಿಸಿ, ಗಾಡಿಯ ಎರಡು ಷಟರುಗಳನ್ನು ಇಳಿಸಿದ್ದೆವು. ಮರಿಯುರಿ ಹೊತ್ತಿಸಿ ನಾನು ನೀರು ತರಲು ಹೋದೆ. ನಲ್ಲಿಯ ಬಳಿ ಸಾಲಿದ್ದುದರಿಂದ ಹಿಂದಿರುಗುವಾಗ ಕಾಲು ಗಂಟೆಯೇ ಆಗಿತ್ತು. ಅಷ್ಟರಲ್ಲಿ ಉರಿ ಗಾಳಿಗೆ ಆರಿಹೋಗಿತ್ತು. ತಂತಿ ಕಟ್ಟಿದ ಗುಂಡಿಯಿಂದ ಅನಿಲ ಮಾತ್ರ ಸದ್ದಿಲ್ಲದೆ ಹರಿದು ತಗಡಿನ ಮರೆಯಲ್ಲಿ ಮಡುಗಟ್ಟಿತ್ತು. ನಾನು ನಿಂತುಕೊಂಡೇ, “ಅಯ್ಯೋ, ಆರೋಗಿದೆ ಮಾವ” ಎಂದು ಕಡ್ಡಿ ಗೀರಿದೆ. ಅತ್ತೆ ಒಲೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಈರುಳ್ಳಿ ಹೆಚ್ಚುತ್ತಿದ್ದರು.

ಭಗ್ಗನೆ ಒಂದು ಉರಿ ಎದ್ದು ಕ್ಷಣಮಾತ್ರದಲ್ಲಿ ಇಲ್ಲವಾಯಿತು. ನನ್ನ ಹುಬ್ಬು ಸುಟ್ಟಿತು, ಅದು ದೊಡ್ಡದಲ್ಲ. ಅತ್ತೆಯ ಬಲಗೈ ಮೊಣಕೈವರೆಗೆ ಬೆಂದಿತು. ಆ ಕೈ ಗುಣವಾಗಲು ಇಪ್ಪತ್ತೆರಡು ದಿನ ಹಿಡಿಯಿತು. ದೋಸೆ ಹುಯ್ಯುತ್ತಿದ್ದ ಕೈಯದು. ಅಷ್ಟು ದಿನವೂ ಗಾಡಿ ನಿಂತಿತು. ನನ್ನ ಪರೀಕ್ಷೆಯ ಶುಲ್ಕಕ್ಕೆಂದು ಡಬ್ಬಿಯಲ್ಲಿಟ್ಟಿದ್ದ ಹಣ ಔಷಧಿಗೆ ಹೋಯಿತು. ಶುಲ್ಕಕ್ಕೆ ಹಣ ಹೊಂದಿಸಲು ಅತ್ತೆ ತಮ್ಮ ಓಲೆಯನ್ನು ಗಿರವಿಯಿಡಿಸಿದರು. ನಾನು ಬೇಡವೆಂದಾಗ, “ಸುಮ್ಕಿರು ಮಗ, ಕೈ ವಾಸಿ ಆದ್ರೆ ವಾಲೆ ಬಿಡಿಸ್ಕೋಬೌದು. ಪರೀಕ್ಸೆ ಓದ್ರೆ ಒಂದ್ ವರ್ಸ ಓಯ್ತದೆ” ಎಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಕೆಲಸವಿಲ್ಲದ ಆ ದಿನಗಳಲ್ಲಿ ನಾನು ಒಲೆಯನ್ನು ಸಂಪೂರ್ಣವಾಗಿ ಬಿಚ್ಚಿ ತೊಳೆದೆ. ಬದಿಯಲ್ಲಿ ಅಂಗೈಯಗಲದ ಒಂದು ತಗಡಿನ ಪಟ್ಟಿ ಮಸಿಯಡಿಯಲ್ಲಿ ಹೂತುಹೋಗಿತ್ತು. ಸೀಗೆಪುಡಿ ಹಾಕಿ ಉಜ್ಜಿದಾಗ ಅಕ್ಷರಗಳು ಎದ್ದವು. ಇಂಗ್ಲಿಷಿನಲ್ಲಿ ಏಳು ಸಾಲು. ಒಲೆ ಹೊತ್ತಿಸುವ ಕ್ರಮ. ಉರಿ ಆರಿದರೆ ಎಲ್ಲವನ್ನೂ ಮುಚ್ಚಿ ಐದು ನಿಮಿಷ ಕಾಯಬೇಕೆಂಬುದು ಅದರಲ್ಲಿ ಎರಡನೆಯ ಸಾಲು. ನಾನು ಓದಿ ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವ ಬಹಳ ಹೊತ್ತು ಸುಮ್ಮನಿದ್ದು, “ಇದು ಇಲ್ಲೇ ಇತ್ತಾ ಮಗ?” ಎಂದರು. ಅಷ್ಟೇ. ಅವರು ಓದಲಾರದವರು, ಓದಬಲ್ಲ ನಾನು ಎರಡು ವರ್ಷ ಅದೇ ಪಟ್ಟಿಯ ಮುಂದೆ ನಿಂತಿದ್ದೆ. ಪರೀಕ್ಷೆಗೆಂದು ಇಂಗ್ಲಿಷ್ ನಾಟಕದ ಟಿಪ್ಪಣಿಗಳನ್ನು ಬಾಯಿಪಾಠ ಮಾಡಿದವನು, ಮನೆಯವರ ಅನ್ನದ ಒಲೆಯ ಮೇಲೆ ಬರೆದಿದ್ದ ಏಳು ಸಾಲನ್ನು ಓದಿರಲಿಲ್ಲ.

ಅನಂತರ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಓದಿಯೂ, ಅನುಭವಸ್ಥನಾದ ಒಬ್ಬ ಮೆಕ್ಯಾನಿಕ್ಕಿನಿಂದ ಕೇಳಿಯೂ ತಿಳಿದುಕೊಂಡ ಕ್ರಮವನ್ನು ಈಗ ಹೇಳುತ್ತೇನೆ. ಮೆಕ್ಯಾನಿಕ್ಕು ಹೊಸ ಉಷ್ಣಯುಗ್ಮವನ್ನು ಹಾಕಿಕೊಟ್ಟನು. ಅದಕ್ಕಾದ ಖರ್ಚು ನಮ್ಮ ಒಂದು ದಿನದ ವ್ಯಾಪಾರಕ್ಕಿಂತ ಕಡಮೆ.

ಮೊದಲನೆಯದಾಗಿ, ಕಡ್ಡಿಪೆಟ್ಟಿಗೆಯನ್ನು ಮುಟ್ಟುವ ಮುನ್ನ ಗಾಡಿಯ ಷಟರುಗಳನ್ನೆಲ್ಲ ಎತ್ತಬೇಕು. ಒಲೆಯ ತಿರುಪುಗಳೆಲ್ಲ ಮುಚ್ಚಿರುವುವೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಬಳಿಕ ಕನಿಷ್ಠಪಕ್ಷ ಐದು ನಿಮಿಷ ಕಾಯಬೇಕು. ಕಾಯುವ ಅವಧಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ನೆಲದ ಹತ್ತಿರ ಮೂಸಿನೋಡಬೇಕು. ವಾಸನೆಯಿದ್ದರೆ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ ಹೊರಗೆ ಬರತಕ್ಕದ್ದು. ದೀಪದ ಸ್ವಿಚ್ಚನ್ನು ಹಾಕುವುದಾಗಲಿ ಆರಿಸುವುದಾಗಲಿ ಕೂಡದು. ಸ್ವಿಚ್ಚಿನೊಳಗೂ ಕಿಡಿ ಹುಟ್ಟುತ್ತದೆ. ಅನಿಲ ಸೋರಿಕೆಯ ದೂರುಗಳಿಗಾಗಿ 1906 ಎಂಬ ದೂರವಾಣಿ ಸಂಖ್ಯೆಯುಂಟು.

ಎರಡನೆಯದಾಗಿ, ಬೆಂಕಿ ಮೊದಲು, ಅನಿಲ ಆಮೇಲೆ. ಗೀರಿದ ಕಡ್ಡಿಯನ್ನೋ ಉದ್ದನೆಯ ಲೈಟರನ್ನೋ ಮರಿಯುರಿಯ ಬಾಯಿಗೆ ಹಿಡಿದು, ಆಮೇಲೆ ತಿರುಪನ್ನು ಪೈಲಟ್ ಗುರುತಿಗೆ ತಂದು ಗುಂಡಿಯನ್ನು ಒತ್ತಬೇಕು. ಅನಿಲ ಬಿಟ್ಟು ಕಡ್ಡಿ ಹುಡುಕುವುದು ಅಪಾಯಕ್ಕೆ ಆಹ್ವಾನವಿತ್ತಂತೆ. ಹೊಸ ಸಿಲಿಂಡರು ಹಾಕಿದ ದಿನ ಕೊಳವೆಯೊಳಗಿನ ಗಾಳಿ ಮೊದಲು ಹೊರಬರಬೇಕಾದ್ದರಿಂದ ಉರಿ ಹತ್ತುವುದು ಕೊಂಚ ತಡವಾಗುತ್ತದೆ.

ಮೂರನೆಯದಾಗಿ, ಉರಿ ಹತ್ತಿದ ಮೇಲೆ ಒಂದರಿಂದ ಅರವತ್ತರವರೆಗೆ ನಿಧಾನವಾಗಿ ಎಣಿಸಿ, ಅನಂತರ ಗುಂಡಿಯಿಂದ ಕೈ ಬಿಡಬೇಕು. ಉರಿ ನಿಂತರೆ ಸರಿ. ಆರಿದರೆ ಮತ್ತೆ ತಿರುಪು ಮುಚ್ಚಿ, ಮತ್ತೆ ಐದು ನಿಮಿಷ ಕಾದು, ಮೊದಲಿನಿಂದ ಆರಂಭಿಸಬೇಕು. ಎರಡು ಮೂರು ಸಲವಾದರೂ ನಿಲ್ಲದಿದ್ದರೆ ಕಡ್ಡಿಯ ತುದಿಗೆ ಮಸಿ ಹಿಡಿದಿರಬಹುದು, ಉರಿ ಅದಕ್ಕೆ ತಗಲದಿರಬಹುದು ಅಥವಾ ಉಷ್ಣಯುಗ್ಮ ಸವೆದಿರಬಹುದು. ಮೆಕ್ಯಾನಿಕ್ಕಿಗೆ ಹೇಳಿ ಕಳುಹಿಸುವುದೇ ಆಗ ವಿವೇಕ. ತಂತಿ ಕಟ್ಟುವುದು ಎಂದಿಗೂ ಉಪಾಯವಲ್ಲ.

ನಾಲ್ಕನೆಯದಾಗಿ, ಮುಖವನ್ನು ಓರೆಮಾಡಿಕೊಂಡು ದೊಡ್ಡ ಬರ್ನರಿನ ತಿರುಪನ್ನು ತೆರೆಯಬೇಕು. ಎರಡು ಮೂರು ಕ್ಷಣಗಳಲ್ಲಿ ಅದು ಮರಿಯುರಿಯಿಂದ ಹತ್ತಿಕೊಳ್ಳದಿದ್ದರೆ ಕೂಡಲೆ ಮುಚ್ಚಬೇಕು. ಕೊಳವೆಯ ಕೀಲುಗಳಲ್ಲಿ ಸೋರಿಕೆಯಿದೆಯೇ ಎಂದು ಪರೀಕ್ಷಿಸಲು ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಉರಿಯುವ ಕಡ್ಡಿ ಹಿಡಿದು ನೋಡಬಾರದು. ವ್ಯಾಪಾರ ಮುಗಿದ ಮೇಲೆ ಒಲೆಯ ತಿರುಪನ್ನಷ್ಟೇ ಅಲ್ಲ, ಸಿಲಿಂಡರನ್ನೂ ಮುಚ್ಚಬೇಕು.

ಉರಿ ಹೊತ್ತಿದ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯಲಿಲ್ಲ; ಅದರ ಬಣ್ಣವನ್ನು ನೋಡಬೇಕು. 1855ರ ಸುಮಾರಿಗೆ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಎಂಬ ರಸಾಯನವಿಜ್ಞಾನಿಯ ಪ್ರಯೋಗಶಾಲೆಯಲ್ಲಿ, ಅನಿಲಕ್ಕೆ ಮೊದಲೇ ಗಾಳಿ ಬೆರೆಸಿ ಉರಿಸುವ ಬರ್ನರು ರೂಪುಗೊಂಡಿತು. ನಮ್ಮ ಒಲೆಗಳೆಲ್ಲ ಅದರ ಸಂತತಿಯೇ. ಗಾಳಿ ಸಾಕಷ್ಟು ಬೆರೆತರೆ ಉರಿ ನೀಲಿಯಾಗಿ ನೆಟ್ಟಗೆ ನಿಲ್ಲುತ್ತದೆ. ಹಳದಿಯಾಗಿ ತುಯ್ದಾಡಿ ಪಾತ್ರೆಗೆ ಮಸಿ ಹಿಡಿಸಿದರೆ, ಗಾಳಿ ಸಾಲದು ಎಂದರ್ಥ. ಅರೆಬೆಂದ ಇಂಗಾಲ ಆಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಕೊನೆಗೆ ಏಳದ ನಿದ್ದೆ. ಕಿಟಕಿ ಮುಚ್ಚಿದ ಸ್ನಾನದ ಮನೆಗಳಲ್ಲಿ ಗ್ಯಾಸ್ ಗೀಸರು ಉರಿಸಿ ಜೀವ ಕಳೆದುಕೊಂಡವರ ಸುದ್ದಿಯನ್ನು ನಾವು ಬೆಂಗಳೂರಿನ ಪತ್ರಿಕೆಗಳಲ್ಲಿಯೇ ಓದಿಲ್ಲವೆ?

ಪಾಶ್ಚಾತ್ಯ ದೇಶಗಳಲ್ಲಿ ಜನರು ಕಾರಿನ ಹಿಂದೆ ಪುಟ್ಟ ಮನೆಯಂತಹ ಗಾಡಿಯನ್ನು ಕಟ್ಟಿಕೊಂಡು ಪ್ರವಾಸ ಹೋಗುವುದುಂಟು. ಚಳಿಗಾಲದಲ್ಲಿ ಒಳಗನ್ನು ಬೆಚ್ಚಗಿಡಲು ಅದರಲ್ಲಿ ಅನಿಲದ ಕುಲುಮೆಯೊಂದಿರುತ್ತದೆ. ಹಳೆಯ ಮಾದರಿಯ ಕುಲುಮೆಗಳಲ್ಲಿ ನಮ್ಮ ಒಲೆಯಲ್ಲಿರುವಂತಹುದೇ ಮರಿಯುರಿ, ಅಂತಹುದೇ ಉಷ್ಣಯುಗ್ಮ, ಅದೇ ಐದು ನಿಮಿಷದ ನಿಯಮ. ಆದರೆ ಆ ಕುಲುಮೆಯ ಉರಿ ಮುಚ್ಚಿದ ಪೆಟ್ಟಿಗೆಯೊಳಗೆ ಉರಿದು, ಹೊರಗಿನ ಗಾಳಿಯನ್ನು ಸೇದಿ, ಹೊಗೆಯನ್ನು ಹೊರಕ್ಕೇ ಬಿಡುತ್ತದೆ. ಮಲಗಿದವರು ಉಸಿರಾಡುವ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಅಡಿಗೆಯ ಒಲೆ ಹಾಗಲ್ಲ. ಅದು ನಾವು ಉಸಿರಾಡುವ ಗಾಳಿಯನ್ನೇ ಉಣ್ಣುತ್ತದೆ. ನಮ್ಮ ಗಾಡಿಯಲ್ಲಿ ರಾತ್ರಿ ಮಲಗುವ ಹುಡುಗನೊಬ್ಬನಿದ್ದಾನೆ. ಪುಷ್ಯಮಾಸದ ಚಳಿಯಲ್ಲಿ ಅವನು, “ಅಣ್ಣಾ, ಒಲೆ ಸಣ್ಣಗೆ ಉರೀಲಿ, ಷಟರ್ ಎಳ್ಕೊಂಡು ಮಲಿಕೋತೀನಿ” ಎಂದು ಕೇಳಿದ್ದ. ಆಷಾಢಕ್ಕೆ ಮುಂಚೆ ಕೇಳಿದ್ದರೆ ನಾನು ಆಗಲಿ ಎಂದುಬಿಡುತ್ತಿದ್ದೆನೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವನಿಗೆ ನನ್ನ ಕಂಬಳಿಯನ್ನು ಕೊಟ್ಟು, ಸಿಲಿಂಡರನ್ನು ಮುಚ್ಚಿ ಮನೆಗೆ ಹೋದೆ.

ಇಂತಹ ವಿಷಯಗಳು ಕನ್ನಡದಲ್ಲಿ ಹೇಳಲು ಬಾರವೆಂದು ಕೆಲವರು ಹೇಳುವುದುಂಟು. 1918ರಲ್ಲಿಯೇ ಇದೇ ಬೆಂಗಳೂರಿನಿಂದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ವಿಜ್ಞಾನವನ್ನು ಕನ್ನಡಿಗರ ಮನೆಬಾಗಿಲಿಗೆ ತರಲು ಶ್ರಮಿಸಿದರು. ಅವರ ಕೆಲಸದ ಮುಂದೆ ನನ್ನದು ಏನೂ ಅಲ್ಲ. ಆದರೂ ಆ ತಗಡಿನ ಏಳು ಸಾಲನ್ನು ದಪ್ಪ ಅಕ್ಷರದಲ್ಲಿ ಕನ್ನಡಕ್ಕಿಳಿಸಿ ಒಲೆಯ ಮೇಲೆ ಅಂಟಿಸಿದ್ದೇನೆ. ಮಾವನಿಗೆ ಅದೂ ಓದಲು ಬಾರದಾದ್ದರಿಂದ ಪಕ್ಕದಲ್ಲಿ ಚಿತ್ರಗಳನ್ನೂ ಬರೆದಿದ್ದೇನೆ: ತೆರೆದ ಷಟರು, ಐದು ಬೆರಳು, ನೆಲದ ಬಳಿ ಒಂದು ಮೂಗು. ಅಕ್ಕಪಕ್ಕದ ಮೂರು ಗಾಡಿಯವರು ಅದನ್ನು ಕಂಡು ತಮಗೂ ಒಂದೊಂದು ಬೇಕೆಂದು ಕೇಳಿ ಬರೆಯಿಸಿಕೊಂಡು ಹೋಗಿದ್ದಾರೆ. ಅವರಲ್ಲಿ ಒಬ್ಬರ ಒಲೆಯ ಗುಂಡಿಗೂ ತಂತಿ ಕಟ್ಟಿತ್ತು. ಅದನ್ನು ಬಿಚ್ಚಿಸಿದೆವು.

ಸಹಪಾಠಿಗಳೇ, ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ಓದುಗರಾಗಿ ಬಂದವರು ಅನೇಕರಿದ್ದೀರಿ. ಉಷ್ಣಯುಗ್ಮದ ಕಡ್ಡಿ ಕಾಯುವವರೆಗೆ ಒಂದು ಕೈ ಗುಂಡಿಯನ್ನು ಒತ್ತಿ ಹಿಡಿದಿರಬೇಕೆಂದು ಹೇಳಿದೆನಷ್ಟೆ. ನಮ್ಮ ಮನೆಗಳಲ್ಲಿಯೂ ಅಂತಹ ಕೈಗಳಿವೆ. ಈ ರಜದಲ್ಲಿ ಮನೆಗೆ ಹೋದಾಗ, ಅವರು ದಿನವೂ ಮುಟ್ಟುವ ಒಲೆ, ಪಂಪು, ಔಷಧಿಯ ಡಬ್ಬಿಗಳ ಮೇಲೆ ಏನು ಬರೆದಿದೆಯೆಂದು ಒಮ್ಮೆ ಮಸಿ ಒರೆಸಿ ಓದಿರಿ, ಓದಿ ಹೇಳಿರಿ. ಅತ್ತೆಯ ಕೈ ಈಗ ಗುಣವಾಗಿದೆ. ಗುರುತು ಮಾತ್ರ ಉಳಿದಿದೆ. ಬೆಳಗ್ಗೆ ನಾನು ಷಟರು ಎತ್ತಿ ನಿಂತಾಗ ಅವರು ದೋಸೆ ಹಿಟ್ಟು ಕಲಕುತ್ತ, “ಐದು ನಿಮಿಷ ಆಯ್ತೇನೋ ಮಗ?” ಎಂದು ಕೇಳುತ್ತಾರೆ. ಆಗಿಲ್ಲದಿದ್ದರೆ, ಗಿರಾಕಿಗಳು ಎಷ್ಟೇ ಕಾದಿರಲಿ, ನಾವೂ ಕಾಯುತ್ತೇವೆ.